ಔರಾದಿಗೆ ಏಷ್ಯಾದ ಸಿನಿಮಾ ಬಂದದ್ದು

ನಾನು ನಿಂತಿದ್ದದ್ದು ಔರಾದಿನ ಶಾಲೆಯ ಮೈದಾನದಲ್ಲಿ, ಸಿನಿಮಾ ಪರದೆ ಕಟ್ಟಿದ್ದ ಎರಡು ಬಿದಿರುಗಂಬಗಳಲ್ಲಿ ಬಸ್ ನಿಲ್ದಾಣದ ಕಡೆಯ ಕಂಬಕ್ಕೆ ಆತು, ಕೈಯಲ್ಲಿ ಮೈಕು ಹಿಡಿದು. ಮಳೆ ಕೈಕೊಟ್ಟು ಎರಡನೆಯ ವರ್ಷ, ಯುಗಾದಿಗೆ ಮುಂಚಿನ ವಾರ, ದೀಪ ಹಚ್ಚುವ ಹೊತ್ತು ಆಗಷ್ಟೇ ದಾಟಿತ್ತು. ಇಷ್ಟು ಖಚಿತವಾಗಿ ಹೇಳುವುದಕ್ಕೆ ಕಾರಣವಿದೆ. ಅಲ್ಲಿ ಕಂಡದ್ದನ್ನು ಹೇಳಿದರೆ ಹೆಚ್ಚಿನವರು, ನಮ್ಮ ಮನೆಯವಳೂ ಸೇರಿ, ನಾನು ಬಣ್ಣ ಹಚ್ಚುತ್ತಿದ್ದೇನೆ ಎನ್ನುತ್ತಾರೆ.

ಬೀದರಿನಲ್ಲಿ ಆ ವರ್ಷ ಏಷ್ಯಾ ಖಂಡದ ಸಿನಿಮಾಗಳ ಅಂತರರಾಷ್ಟ್ರೀಯ ಉತ್ಸವ ನಡೆದಿತ್ತು. ಮುಗಿದ ಮೇಲೆ ಒಂದು ಸಿನಿಮಾವನ್ನಾದರೂ ಭಾಲ್ಕಿಗೂ ಔರಾದಿಗೂ ಒಯ್ಯಬೇಕೆಂದು ಸಂಘಟಕರಿಗೆ ಅನಿಸಿತು. ಪರದೆಯ ಕೆಳಗೆ ಬರುವ ಇಂಗ್ಲಿಷ್ ಸಾಲುಗಳನ್ನು ಕನ್ನಡದಲ್ಲಿ ಹೇಳಲು ಒಬ್ಬರು ಬೇಕಿತ್ತು. ಭಾಲ್ಕಿಯ ಕಾಲೇಜಿನಲ್ಲಿ ಇಂಗ್ಲಿಷ್ ಮಾಸ್ತರನಾದ ನಾನು ಕರೆಯುವ ಮೊದಲೇ ಒಪ್ಪಿಕೊಂಡಿದ್ದೆ. ಭಾಲ್ಕಿಯಲ್ಲಿ ಸಾಲಿಗೊಂದು ಭಾಷಣದಂತೆ ವಿವರಿಸಿದೆ. ಮುಂದಿನ ಸಾಲಿನ ಹಿರಿಯರೊಬ್ಬರು ಕೈಮುಗಿದು, “ಸರ್, ನೀವು ಜರಾ ಸುಮ್ಮನಾದ್ರ ನಮಗ ಸಿನಿಮಾ ಕೇಳಸ್ತದರಿ” ಎಂದರು. ಔರಾದಿನಲ್ಲಿ ಇನ್ನೊಬ್ಬರು, “ಏಷ್ಯಾದಿಂದ ಬಂದದ ಅಂತೀರಿ, ಹಂಗಾರ ನಾವು ಯಾ ಖಂಡದಾಗ ಇದ್ದೀವ್ರಿ?” ಎಂದು ಕೇಳಿದರು. ನಾನು ಮೈಕು ತಟ್ಟಿ ನೋಡತೊಡಗಿದೆ.

ಔರಾದಿನಲ್ಲಿ ನಾನು ಉಳಿದುಕೊಂಡದ್ದು ನನ್ನ ಹೆಂಡತಿಯ ಸೋದರತ್ತೆ ಸರೂಬಾಯಿಯ ಮನೆಯಲ್ಲಿ. ಊಟಕ್ಕೆ ಕುಳಿತಾಗಲೇ ತಿಳಿಯಿತು, ಅತ್ತೆ ಸೊಸೆಗೆ ಮಾತಿಲ್ಲ. ಸರೂಬಾಯಿಯ ಮಗ ವೈಜನಾಥ ಮರುದಿನ ಬೆಳಿಗ್ಗೆ ಕಟ್ಟಡದ ಕೆಲಸಕ್ಕೆ ಹೈದರಾಬಾದಿಗೆ ಹೊರಟಿದ್ದ. ಸೊಸೆ ಸುನೀತಾ ತಾನೂ ಹೋಗುತ್ತೇನೆ ಎಂದಿದ್ದಳು. ಮಾತು ನಿಂತದ್ದು ಅಲ್ಲಿಂದ.

“ಮಾಸ್ತರ್ರ, ಆಕಿಗಿ ಹೇಳ್ರಿ, ನಿಮಗ ಇನ್ನೊಂದು ರೊಟ್ಟಿ ಹಾಕಂತ.”

“ಅಣ್ಣಾರ, ಅತ್ತ್ಯಾರಿಗಿ ಹೇಳ್ರಿ, ಹಂಚಿನ ಮ್ಯಾಲದ ಅಂತ.”

ಇಬ್ಬರ ನಡುವೆ ಇದ್ದದ್ದು ನನ್ನ ತಾಟಿನಷ್ಟು ಅಗಲ. ಆದರೂ ಎರಡೂ ಕಡೆಯ ಮಾತು ನನ್ನ ಮೂಲಕವೇ ದಾಟಬೇಕು. ಭಾಷಾಂತರ ಮಾಡಿ ಮಾಡಿ ಹೊಟ್ಟೆ ತುಂಬಿದ್ದೇ ಗೊತ್ತಾಗಲಿಲ್ಲ. ಕೈತೊಳೆಯಲು ನೀರು ಹಾಕುವಾಗ ಸುನೀತಾ ದನಿ ತಗ್ಗಿಸಿ, “ಅತ್ತ್ಯಾರು ‘ಹೋಗಿ ಬಾ’ ಅನ್ನದ ನಾ ಹ್ಯಾಂಗ ಬಸ್ ಹತ್ತಲಿರಿ? ಇವತ್ತ ಅಂದ್ರ ಅಂದ್ರು, ಇಲ್ಲಾಂದ್ರ ಇಲ್ಲ” ಎಂದಳು. ನಮ್ಮ ಕಡೆ ಆ ಎರಡು ಮಾತು ಕೇಳದೆ ಯಾರೂ ಹೊಸ್ತಿಲು ದಾಟುವುದಿಲ್ಲ. ನಾನು ಸರೂಬಾಯಿಗೆ ಅಷ್ಟನ್ನು ದಾಟಿಸಿದೆ. ಅವರು ಅಡಿಕೆ ಕತ್ತರಿಸುತ್ತ, “ಅದೊಂದು ಬಿಟ್ಟು ಬ್ಯಾರೆ ಏನಾರ ಹೇಳ್ರಿ” ಎಂದರು.

ಸಂಜೆ ಮೈದಾನದಲ್ಲಿ ಪರದೆಯ ಈಚೆ ಗಂಡಸರು, ಆಚೆ ಹೆಂಗಸರು. ಬಟ್ಟೆಯ ಪರದೆಯಾದರೆ ಅಲ್ಲಿ ಹಾಗೆಯೇ ರೂಢಿ. ಹಿರಿಯರ ಎದುರು ಸೆರಗು ಸರಿಪಡಿಸುತ್ತ ಕೂರುವ ಕಾಟವಿಲ್ಲ. ಹೆಂಗಸರಿಗಿಂತ ಮೊದಲು ಅವರ ಖಾಲಿ ಕೊಡಗಳು ಬಂದು, ನೀರಿನ ಟ್ಯಾಂಕರಿಗೆ ಸಾಲು ಹಿಡಿದಂತೆ ಜಾಗ ಹಿಡಿದಿದ್ದವು. ಇಂಗ್ಲಿಷ್ ಸಾಲು ಆಚೆಗೆ ತಿರುವುಮುರುವು ಕಾಣುತ್ತಿತ್ತು, ಅದರಿಂದ ಯಾರಿಗೂ ನಷ್ಟವಿರಲಿಲ್ಲ. ಕಂಬದ ಬಳಿಯಿದ್ದ ನನಗೆ ಮಾತ್ರ ಎರಡೂ ಕಡೆಯ ಮುಖಗಳು ಕಾಣುತ್ತಿದ್ದವು.

ಯಾವುದೋ ಬೆಟ್ಟದ ದೇಶದ ಕಥೆ. ನೀರು ಬತ್ತಿದ ಊರಿನಿಂದ ಗಂಟು ಹೊತ್ತ ಸೊಸೆಯೊಬ್ಬಳು ಹೊರಟು ನಿಲ್ಲುತ್ತಾಳೆ. ಹೊಸ್ತಿಲ ಮೇಲೆ ಮುದುಕಿ. ಬಹಳ ಹೊತ್ತು ಇಬ್ಬರೂ ಮಾತಾಡುವುದಿಲ್ಲ. ಬೀದರಿನಲ್ಲಿ ತಿಳಿದವರು ಆ ಮೌನವನ್ನು ತುಂಬ ಹೊಗಳಿದ್ದರು. ಔರಾದಿನಲ್ಲಿ ಪರದೆಯ ಆಚೆಯಿಂದ ಸರೂಬಾಯಿ ಎದ್ದು ನಿಂತರು.

“ಏ ಮುದುಕಿ! ಬಾಯಾಗ ಏನ್ ಇಟ್ಕೊಂಡ್ ಕುಂತಿ? ಹೊಂಟಾಳ ಅಕಿ, ಕಾಣಸಂಗಿಲ್ಲೇನು? ಹೋಗಿ ಬಾ ಅನ್ನು!”

ಹೆಂಗಸರೆಲ್ಲ ಕೊಳ್ಳೆಂದು ನಕ್ಕರು. ಆಮೇಲೆ ನಗು ತಾನಾಗಿ ನಿಂತಿತು. ಸರೂಬಾಯಿಯ ಮನೆಯ ಸುದ್ದಿ ಅಲ್ಲಿ ಎಲ್ಲರಿಗೂ ಗೊತ್ತಿತ್ತು. ಪರದೆಯ ಬೆಳಕು ಮುಖದ ಮೇಲೆ ಬಿದ್ದು ಆಕೆ ಅಲುಗಾಡದೆ ನಿಂತಿದ್ದರು. ತಾನು ಬೈದದ್ದು ಯಾರನ್ನೆಂದು ಆಕೆಗೆ ತಿಳಿದ ಗಳಿಗೆಯನ್ನು ನಾನು ಕಂಡೆ. ಆಕೆ ನಿಧಾನವಾಗಿ ತಿರುಗಿ, ಬಗ್ಗಿ, ಸುನೀತಾಳ ತಲೆಯ ಮೇಲೆ ಕೈ ಇಟ್ಟರು.

“ಹೋಗಿ ಬಾ ಮಗಳಾ. ಮಳಿ ಬಿದ್ರ ಲಗೂನ ಬಾ.”

ಅದೇ ಗಳಿಗೆಯಲ್ಲಿ ಪರದೆಯ ಮುದುಕಿಯ ತುಟಿ ಅಲುಗಿತು. ಅದಕ್ಕೂ ಮೊದಲಲ್ಲ, ಆಮೇಲಲ್ಲ. ಕೆಳಗೆ ಬಂದ ಸಾಲು ‘ಹೋಗುವಾಗ ಕದ ಹಾಕಿಕೋ’ ಎಂದಿತ್ತು. ನಾನು ಹೇಳಬೇಕಾದದ್ದು ಅದನ್ನು. ಮೈಕು ಬಾಯಿಗೆ ಹತ್ತಿರ ತಂದು ಹಾಗೆಯೇ ಕೆಳಗಿಳಿಸಿದೆ.

ಗಂಡಸರ ಕಡೆ ಯಾರಿಗೂ ಸರೂಬಾಯಿ ಕಾಣುವಂತಿರಲಿಲ್ಲ. ಬಟ್ಟೆಯೊಳಗಿಂದ ಬಂದ ದನಿಯಷ್ಟೇ ಕೇಳಿತ್ತು. ಬೆಟ್ಟದ ದೇಶದ ಮುದುಕಿ ನಮ್ಮ ಮಾತಿನಲ್ಲಿ ಸೊಸೆಯನ್ನು ಹರಸಿದಳೆಂದೇ ಅವರು ತಿಳಿದರು. ವೈಜನಾಥನೊಬ್ಬ ಟವೆಲಿನಲ್ಲಿ ಮುಖ ಮುಚ್ಚಿಕೊಂಡ.

ಗಂಟು ಹೊತ್ತವಳು ಹೊರಟಳು. ಬೀದರಿನಲ್ಲಿ ಅವಳು ಎಡಕ್ಕೆ ಹೋದದ್ದರ ಅರ್ಥವೇನೆಂದು ಚರ್ಚೆಯಾಗಿತ್ತು. ಇಲ್ಲಿ ಗಂಡಸರಿಗೆ ಅದು ಎಡ, ಹೆಂಗಸರಿಗೆ ಬಲ, ಆದರೆ ಎಲ್ಲ ಕತ್ತುಗಳೂ ತಿರುಗಿದ್ದು ಹೈದರಾಬಾದ್ ಬಸ್ಸು ನಿಲ್ಲುವ ದಿಕ್ಕಿಗೆ. ಅವಳು ನನ್ನತ್ತಲೇ ನಡೆದು ಬಂದಳು. ಬಟ್ಟೆಯ ಅಂಚು ತಲುಪುವಾಗ ನಾನು ಅರಿಯದೆ ಹಿಂದೆ ಸರಿದು ದಾರಿ ಬಿಟ್ಟೆ.

ಮುಗಿದ ಮೇಲೆ ಗಂಡಸರು ನನ್ನನ್ನು ಸುತ್ತುವರಿದರು. “ಸರ್, ಮುದುಕಿ ದನಿ ಹುಬೇಹೂಬ್ ತಗದ್ರಿ ನೋಡ್ರಿ!” ಅದು ನಾನಲ್ಲ ಎಂದೆ. ಅದನ್ನು ಅವರು ಕಲಾವಿದನ ವಿನಯ ಎಂದುಕೊಂಡರು. ಬೆಳಿಗ್ಗೆ ಸುನೀತಾ ಬಸ್ ಹತ್ತಿದಳು. ಅತ್ತೆ ಸೊಸೆ ನಿಲ್ದಾಣದವರೆಗೂ ಮಾತಾಡುತ್ತಲೇ ನಡೆದರು, ನನ್ನನ್ನು ಯಾರೂ ಏನೂ ಕೇಳಲಿಲ್ಲ.

ಸರೂಬಾಯಿ ಈಗಿಲ್ಲ. ಕಂಡವರಲ್ಲಿ ಇಂದಿಗೂ ಇರುವವರೆಂದು ನಾನು ಹೆಸರು ಹೇಳಬಲ್ಲದ್ದು ಇಬ್ಬರದು. ಒಬ್ಬಳು ಸುನೀತಾ, ಹೈದರಾಬಾದಿನಲ್ಲಿದ್ದಾಳೆ. ಇನ್ನೊಬ್ಬರು ಪಕ್ಕದ ಮನೆಯ ಕಮಲಾಬಾಯಿ, ಆ ದಿನ ಸುನೀತಾಳ ಮಗ್ಗುಲಲ್ಲೇ ಕುಳಿತಿದ್ದವರು. ನನ್ನ ಸಾಕ್ಷ್ಯ ಗಟ್ಟಿಯಾಗಲೆಂದು ಹೋದ ವರ್ಷ ಅವರನ್ನು ಕೇಳಿದೆ. ಬೈಗುಳ, ನಗು, ತಲೆಯ ಮೇಲಿಟ್ಟ ಕೈ, ತುಟಿ ಅಲುಗಿದ್ದು, ಒಂದನ್ನೂ ಬಿಡದೆ ಹೇಳಿದರು. ಹೇಳಿ ಮುಗಿಸಿ, ನನ್ನ ಮುಖ ನೋಡಿ ಕೇಳಿದರು:

“ಖರೇ ಅದರಿ ಸರ್, ಎಲ್ಲಾ ಖರೇ. ಆದ್ರ ನಿಮಗ ಇದು ಯಾರು ಹೇಳಿದ್ರು? ಅವತ್ತ ನೀವೂ ಅಲ್ಲಿ ಇದ್ರೇನ್ರಿ?”