ಜರಗನಹಳ್ಳಿಗೆ ಬಂದ ಲಡಾಖ್ ಚಳಿ

ಮಂಜು ಬೀಳುವ ಜಾಗದಲ್ಲಿ ಮಿಲಿಟರಿಯವರು ಗಾಡಿಗಳನ್ನು ಹೇಗೆ ಕಾಪಾಡುತ್ತಾರೆ ಎಂದು ನಮ್ಮ ಜರಗನಹಳ್ಳಿಯಲ್ಲಿ ಯಾರಿಗಾದರೂ ಅನುಮಾನ ಬಂದರೆ ನೇರವಾಗಿ ನನ್ನ ಬಳಿ ಬರಬಹುದು. ನಾನು ಓದಿದ್ದು ನಾಲ್ಕನೇ ಕ್ಲಾಸು. ಆದರೆ ನನ್ನ ಮೊಮ್ಮಗಳು ಚೈತ್ರ ಲಡಾಖ್‌ನಲ್ಲಿ ಮಿಲಿಟರಿ ವರ್ಕ್‌ಶಾಪಿಗೆ ಆಫೀಸರು. ಲಾರಿ, ಜೀಪು, ಹೆಸರೇ ಗೊತ್ತಿಲ್ಲದ ದೊಡ್ಡ ದೊಡ್ಡ ಗಾಡಿಗಳೆಲ್ಲ ಅವಳ ಮುಂದೆ ಸಾಲಾಗಿ ನಿಂತು ರಿಪೇರಿ ಮಾಡಿಸಿಕೊಳ್ಳುತ್ತವೆ. ಇದನ್ನು ನಾನು ಹಾಲಿನವನಿಗೆ, ಬಸ್‌ಸ್ಟಾಪಿನಲ್ಲಿ ನಿಂತವರಿಗೆ, ಬಾಡಿಗೆ ಮನೆ ಕೇಳಿಕೊಂಡು ಬಂದವರಿಗೆ, ಎಲ್ಲರಿಗೂ ಹೇಳಿದ್ದೇನೆ. ಮನೆ ನೋಡಲು ಬಂದವರು ಬರೀ ಇದನ್ನು ಕೇಳಿಸಿಕೊಂಡು, ಮನೆ ನೋಡದೆ ವಾಪಸ್ ಹೋಗಿದ್ದೂ ಉಂಟು.

ಪ್ರತಿ ಭಾನುವಾರ ಅವಳ ವಿಡಿಯೋ ಕಾಲ್ ಬರುತ್ತದೆ. ಮೊದಲು ನನ್ನ ಹೆಂಡತಿ ಜಯಮ್ಮ ಮಾತಾಡಿ, ಊಟ ಆಯಿತಾ, ಸಣ್ಣಗಾಗಿದ್ದೀಯ ಎಂದು ಮುಗಿಸುತ್ತಾಳೆ. ಆಮೇಲೆ ನನ್ನ ಸರದಿ. ನಾನು ಗಾಡಿಗಳ ಯೋಗಕ್ಷೇಮ ಕೇಳುತ್ತೇನೆ. ಅಲ್ಲಿನ ಚಳಿಗೆ ನಮ್ಮ ಕಡೆಯ ಡೀಸೆಲ್ ತುಪ್ಪದ ಹಾಗೆ ಹೆಪ್ಪುಗಟ್ಟುತ್ತದಂತೆ, ಅದಕ್ಕೇ ಚಳಿಗಾಲಕ್ಕೆ ಬೇರೆ ಡೀಸೆಲ್ ಬರುತ್ತದಂತೆ. ಬ್ಯಾಟರಿಯ ಶಕ್ತಿ ಇಳಿದುಹೋಗುತ್ತದೆಂದು ರಾತ್ರಿ ಬಿಚ್ಚಿ ಬೆಚ್ಚನೆಯ ಕೋಣೆಯಲ್ಲಿ ಇಡುತ್ತಾರಂತೆ. ಬಾನೆಟ್ಟಿಗೆ ಕಂಬಳಿ ಹೊದಿಸುತ್ತಾರೆ. ಹ್ಯಾಂಡ್‌ಬ್ರೇಕ್ ಎಳೆದಿಟ್ಟರೆ ಬೆಳಿಗ್ಗೆ ಹೊತ್ತಿಗೆ ಅದು ಹಾಗೇ ಕಚ್ಚಿಕೊಂಡಿರುತ್ತದೆಂದು ಎಳೆಯುವುದೇ ಇಲ್ಲ, ಚಕ್ರಕ್ಕೆ ಅಡ್ಡ ಕೊಡುತ್ತಾರೆ. ಚಕ್ರ ನೆಲಕ್ಕೆ ಅಂಟದಿರಲಿ ಎಂದು ಕೆಳಗೆ ಹಲಗೆ. ರೇಡಿಯೇಟರಿಗೆ ತಣ್ಣನೆ ಗಾಳಿ ನುಗ್ಗದಂತೆ ಮುಂದೆ ಮುಚ್ಚಿಕೊಂಡೇ ಓಡಿಸುತ್ತಾರೆ. ಹಿಂದಿನ ಕಾಲದಲ್ಲಿ ರಾತ್ರಿ ರೇಡಿಯೇಟರಿನ ನೀರು ಇಳಿಸಿ, ಬೆಳಿಗ್ಗೆ ಬಿಸಿನೀರು ಹಾಕಿ ಸ್ಟಾರ್ಟ್ ಮಾಡುತ್ತಿದ್ದರಂತೆ. ಈಗ ಅದಕ್ಕೆ ಹೆಪ್ಪುಗಟ್ಟದ ನೀರೇ ಬಂದಿದೆ.

ಮನುಷ್ಯರಿಗೂ ಹೀಗೇ ಪಥ್ಯ. ದಪ್ಪದ್ದೊಂದೇ ಬಟ್ಟೆ ಹಾಕಬಾರದು, ಒಂದರ ಮೇಲೊಂದು ಹಾಕಬೇಕು. ಬರಿಗೈಯಲ್ಲಿ ಕಬ್ಬಿಣ ಮುಟ್ಟಬಾರದು, ಚರ್ಮ ಅಂಟಿಕೊಂಡು ಕಿತ್ತುಬರುತ್ತದೆ. ಇಬ್ಬಿಬ್ಬರು ಜೋಡಿಯಾಗಿದ್ದು, ಒಬ್ಬರ ಮೂಗು ಬೆಳ್ಳಗಾಗುತ್ತಿದೆಯೇ ಎಂದು ಇನ್ನೊಬ್ಬರು ನೋಡುತ್ತಿರಬೇಕು. ಬೆಳ್ಳಗಾದರೆ ಹಿಮ ಕಚ್ಚಿದೆ ಎಂದರ್ಥ.

ಇದನ್ನು ಕೇಳಿದ ಮಾರನೆಯ ದಿನದಿಂದ ನಾನು ಎದ್ದ ಕೂಡಲೇ ಜಯಮ್ಮನ ಮೂಗನ್ನು ಪರೀಕ್ಷಿಸತೊಡಗಿದೆ.

“ಏನ್ರೀ ಹಂಗ್ ನೋಡ್ತೀರ?” ಎಂದಳು.

“ಜೋಡಿ ಪರೀಕ್ಷೆ” ಎಂದೆ.

“ಮದ್ವೆಗ್ ಮುಂಚೆ ನೋಡ್ಬೇಕಿತ್ತು. ಈಗ ನೋಡಿ ಏನ್ ಬಂತು?”

ಇಷ್ಟೆಲ್ಲ ವಿದ್ಯೆ ತಲೆಯಲ್ಲಿ ತುಂಬಿಕೊಂಡು ಸುಮ್ಮನೆ ಕುಳಿತಿದ್ದಾಗಲೇ, ಸಂಕ್ರಾಂತಿಗೆ ರಜೆ ಸಿಕ್ಕಿದೆ, ಬರುತ್ತಿದ್ದೇನೆ ಎಂದು ಚೈತ್ರಳ ವಿಡಿಯೋ ಕಾಲ್ ಬಂತು. ವರ್ಷದ ಮೇಲಾಗಿತ್ತು ಅವಳನ್ನು ಕಣ್ಣಾರೆ ನೋಡಿ. ನಾನು ಖುಷಿಯಲ್ಲಿ ಫೋನನ್ನು ಸೂರಿನ ಕಡೆ ತಿರುಗಿಸಿ ಹಿಡಿದುಕೊಂಡೇ ಮಾತಾಡಿದೆನಂತೆ. ಅವಳಿಗೆ ನನ್ನ ಮುಖದ ಬದಲು ಫ್ಯಾನು ಕಂಡಿತಂತೆ. ಹಬ್ಬದ ಬೆಳಿಗ್ಗೆ ಏರ್‌ಪೋರ್ಟ್ ಬಸ್ಸಿನಲ್ಲಿ ಬನಶಂಕರಿಗೆ ಬಂದಿಳಿಯುತ್ತಾಳೆ. ಅಲ್ಲಿಂದ ಅವಳನ್ನು ನನ್ನ ಜೀಪಿನಲ್ಲಿ ಕರೆತರುತ್ತೇನೆ ಎಂದು ಮನೆಯಲ್ಲಿ ಘೋಷಿಸಿದೆ.

ಜೀಪಿನ ವಿಷಯ ಹೇಳಬೇಕು. ಅದು ಮಿಲಿಟರಿ ಹರಾಜಿನಲ್ಲಿ ನಾನು ಪ್ರಾಯದಲ್ಲಿ ತಂದ ಡೀಸೆಲ್ ಜೀಪು. ಚೈತ್ರ ಮೊದಲು ಸ್ಪ್ಯಾನರ್ ಹಿಡಿದದ್ದು ಅದರ ಕೆಳಗೆ ಮಲಗಿ. ಈಗ ಅದರ ಮೀಟರುಗಳ ಮುಳ್ಳುಗಳೆಲ್ಲ ನಿವೃತ್ತಿಯಾಗಿವೆ. ನನ್ನ ಮಗ ನಾಗರಾಜನಿಗೆ, ಅಂದರೆ ಚೈತ್ರಳ ಅಪ್ಪನಿಗೆ, ಅದು ಕಣ್ಣಿಗೆ ಬಿದ್ದ ಕಸ. ಗುಜರಿಯವನಿಗೆ ಹೇಳಿಯೂ ಆಗಿತ್ತು. ನಾನು ಬೇಡವೆಂದೆ. ಅವನು ಬಿಡಲಿಲ್ಲ. ಕೊನೆಗೆ ಒಂದು ಒಪ್ಪಂದಕ್ಕೆ ಬಂದ.

“ಬನಶಂಕರಿಗ್ ಹೋಗಿ ಅವಳನ್ನ ಕರ್ಕೊಂಡ್ ಬಾ ಅಪ್ಪ. ದಾರೀಲಿ ನಿಲ್ದೆ ಬಂದ್ರೆ ಗಾಡಿ ಇರ್ಲಿ. ನಿಂತ್ರೆ ಗುಜರಿಗೆ. ಆಮೇಲ್ ಮಾತಾಡ್ಬಾರ್ದು.”

ಬನಶಂಕರಿ ಏನು ಲಡಾಖೇ? ಸಾರಕ್ಕಿ ಸಿಗ್ನಲ್ ದಾಟಿದರೆ ಬಂದೇಬಿಟ್ಟಿತು. ಒಪ್ಪಿದೆ. ಆದರೆ ಅದು ಜನವರಿ ತಿಂಗಳು. ಬೆಳಿಗ್ಗೆ ಹಾಲಿನವನೂ ಮಫ್ಲರ್ ಸುತ್ತಿಕೊಂಡು ಬರುತ್ತಿದ್ದ. ಜೀಪಿಗೆ ವಯಸ್ಸಾಗಿದೆ. ನನ್ನ ಕಡೆಯಿಂದ ಯಾವ ಲೋಪವೂ ಆಗಬಾರದೆಂದು ತೀರ್ಮಾನಿಸಿದೆ.

ಹಿಂದಿನ ಸಂಜೆಯೇ ಕಾರ್ಯಾಚರಣೆ ಶುರುವಾಯಿತು. ಮೊದಲು ಬ್ಯಾಟರಿ ಬಿಚ್ಚಿದೆ. ಬರಿಗೈಯಲ್ಲಿ ಕಬ್ಬಿಣ ಮುಟ್ಟಬಾರದೆಂಬ ನಿಯಮವಿದ್ದುದರಿಂದ ಎರಡೂ ಕೈಗೆ ಕಾಲುಚೀಲ ಹಾಕಿಕೊಂಡೆ. ಸ್ಪ್ಯಾನರ್ ಜಾರಿ ಕಾಲಿನ ಮೇಲೆ ಬಿತ್ತು. ಕಾಲಿಗೆ ಮಾತ್ರ ಕಾಲುಚೀಲ ಇರಲಿಲ್ಲ. ಬ್ಯಾಟರಿಯನ್ನು ಮಗುವಿನ ಹಾಗೆ ಹೊಟ್ಟೆಗೆ ಅವಚಿಕೊಂಡು ಹೋಗಿ ಅಡುಗೆಮನೆಯಲ್ಲಿಟ್ಟೆ. ಇಡೀ ಮನೆಯಲ್ಲಿ ಬೆಚ್ಚಗಿರುವ ಜಾಗ ಅದೊಂದೇ. ಎಳ್ಳು ಹುರಿಯುತ್ತಿದ್ದ ಜಯಮ್ಮ ಅದನ್ನು ಆಚೆ ಇಡದಿದ್ದರೆ ಎಳ್ಳಿನ ಜೊತೆ ನನ್ನನ್ನೂ ಹುರಿಯುವುದಾಗಿ ಹೇಳಿದಳು. ಕಡೆಗೆ ಬ್ಯಾಟರಿಗೆ ನನ್ನ ಮಂಚದ ಪಕ್ಕ ಜಾಗವಾಯಿತು.

ಆಮೇಲೆ ರೇಡಿಯೇಟರಿನ ನೀರು ಇಳಿಸಿದೆ. ಚಕ್ರಗಳ ಕೆಳಗೆ ಹಲಗೆ ಕೊಟ್ಟೆ. ಹ್ಯಾಂಡ್‌ಬ್ರೇಕ್ ಬಿಟ್ಟು ಒಂದು ಸೈಜುಗಲ್ಲನ್ನು ಅಡ್ಡ ಇಟ್ಟೆ. ಕೊನೆಯದಾಗಿ ಬಾನೆಟ್ಟಿಗೆ ಹೊದಿಕೆ ಬೇಕಿತ್ತು. ಮನೆಯಲ್ಲಿದ್ದ ದಪ್ಪ ರಜಾಯಿ ನನ್ನದೊಂದೇ. ಅದನ್ನು ಹೊದಿಸಿ, ಗಾಳಿಗೆ ಹಾರದಂತೆ ಹಗ್ಗ ಕಟ್ಟಿ, ನಾನು ತೆಳ್ಳಗಿನ ದುಪ್ಪಟಿ ಹೊದ್ದು ಬ್ಯಾಟರಿಯ ಪಕ್ಕ ಮಲಗಿದೆ. ಹಲ್ಲು ಕಟಕಟ ಎನ್ನುತ್ತಿತ್ತು. ಆದರೂ ಗಾಡಿ ಬೆಚ್ಚಗಿದೆಯಲ್ಲ ಎಂಬ ಸಮಾಧಾನ.

ಬೆಳಿಗ್ಗೆ ನೋಡಿದರೆ ರಜಾಯಿ ಇಬ್ಬನಿಗೆ ತೊಯ್ದಿತ್ತು. ಬೀದಿ ಬೆಕ್ಕೊಂದು ಅದರ ಮಡಿಕೆಯೊಳಗೆ ಸುಖವಾಗಿ ನಿದ್ದೆ ಮಾಡುತ್ತಿತ್ತು. ರೇಡಿಯೇಟರಿಗೆ ಬಿಸಿನೀರು ಬೇಕಲ್ಲ. ಹಬ್ಬದ ಎಣ್ಣೆಸ್ನಾನಕ್ಕೆಂದು ಜಯಮ್ಮ ಕಾಯಿಸಿಟ್ಟ ಹಂಡೆಯ ನೀರನ್ನು ಅವಳು ತಲೆಗೆ ಎಣ್ಣೆ ಹಚ್ಚಿಕೊಳ್ಳುತ್ತಿದ್ದಾಗ ಹೊತ್ತು ತಂದು ಸುರಿದೆ. ಅರ್ಧ ನೀರು ಒಳಗೆ ಹೋಯಿತು, ಅರ್ಧ ನನ್ನ ಮೇಲೆ. ಬಚ್ಚಲುಮನೆಯಿಂದ ಬಂದ ಮಾತುಗಳನ್ನು ಹಬ್ಬದ ದಿನ ಬರೆಯಬಾರದು.

ಆಫೀಸರನ್ನು ಎದುರುಗೊಳ್ಳಲು ಹೊರಟವನು ಶಿಸ್ತಾಗಿರಬೇಕು. ಹೊಸ ಪಂಚೆ ಉಡೋಣವೆಂದರೆ, ಮಂಚದ ಪಕ್ಕ ಇಟ್ಟಿದ್ದ ಅದರ ಮೇಲೆ ಬ್ಯಾಟರಿ ರಾತ್ರಿಯಿಡೀ ಆಸಿಡ್ ಜಿನುಗಿಸಿತ್ತು. ಪಂಚೆ ಜರಡಿಯಾಗಿತ್ತು. ತೂತಿನ ಕಡೆಯನ್ನು ಒಳಗೆ ಮಡಿಸಿ ಉಟ್ಟೆ. ಮೇಲೆ ಎರಡು ಬನಿಯನ್, ಅಂಗಿ, ಸ್ವೆಟರ್, ಕೋಟು, ಮಂಕಿ ಕ್ಯಾಪ್. ಒಂದರ ಮೇಲೊಂದು. ನಿಯಮ ಎಂದರೆ ನಿಯಮ.

ಬ್ಯಾಟರಿಯನ್ನು ಮತ್ತೆ ಜೀಪಿಗೆ ಕೂರಿಸಿ, ಎಂಜಿನ್ ಸ್ಟಾರ್ಟ್ ಮಾಡಿ ಚೆನ್ನಾಗಿ ಕಾಯಲಿ ಎಂದು ಬಿಟ್ಟೆ. ಬೀದಿಯೆಲ್ಲ ಹೊಗೆ. ಮಹಡಿ ಮನೆಯ ಬಾಡಿಗೆಯ ಸುಧಾ ಮೇಡಂ ಬಗ್ಗಿ ನೋಡಿ, ಅಂಕಲ್ ಎಲ್ಲಾದರೂ ಬೆಂಕಿ ಬಿದ್ದಿದೆಯಾ ಎಂದು ಕೇಳಿದರು. ಲಡಾಖ್ ಪದ್ಧತಿ ಮೇಡಂ ಎಂದೆ. ಅವರು ಒಣಗಲು ಹಾಕಿದ್ದ ಬಟ್ಟೆ ತೆಗೆದುಕೊಂಡು ಒಳಗೆ ಹೋದರು. ಅಷ್ಟರಲ್ಲಿ ರೇಡಿಯೇಟರಿನ ಮುಂದೆ ಟಿವಿ ಡಬ್ಬದ ರಟ್ಟು ಕಟ್ಟಿದೆ. ಸಾಲದೆಂದು ಗೋಣಿಚೀಲ. ಅದೂ ಸಾಲದೆಂದು ಬೀರುವಿನಲ್ಲಿ ಸಿಕ್ಕಿದ ಒಂದು ಉಣ್ಣೆಯ ಬಟ್ಟೆ. ಇರುವೆಯೂ ನುಸುಳದಂತೆ ಬಿಗಿದೆ. ಆಮೇಲೆ ಚಕ್ರದ ಅಡ್ಡಗಲ್ಲು ತೆಗೆದೆ.

ಹ್ಯಾಂಡ್‌ಬ್ರೇಕ್ ಹಾಕಿರಲಿಲ್ಲ ಎಂಬುದು ನನಗಿಂತ ಮೊದಲು ಜೀಪಿಗೆ ನೆನಪಾಯಿತು. ಅದು ನನ್ನನ್ನು ಬಿಟ್ಟು ಒಬ್ಬಂಟಿಯಾಗಿ ಇಳಿಜಾರಿನಲ್ಲಿ ಬನಶಂಕರಿಯ ವಿರುದ್ಧ ದಿಕ್ಕಿಗೆ ಹೊರಟಿತು. ನಾನು ಹಿಂದೆ ಓಡಿದೆ. ಅಷ್ಟು ಬಟ್ಟೆಯಲ್ಲಿ ಓಡುವುದು ಅಷ್ಟು ಸುಲಭವಲ್ಲ. ಪುಣ್ಯಕ್ಕೆ ಮೂಲೆಯಲ್ಲಿ ಮನೆ ಕಟ್ಟುತ್ತಿದ್ದವರ ಮರಳಿನ ಗುಡ್ಡೆ ಇತ್ತು. ಜೀಪು ಅದರಲ್ಲಿ ಹಿಂಭಾಗ ಊರಿ ಕುಳಿತಿತು. ದಾರಿಯಲ್ಲಿ ನಿಂತಂತೆ ಆಗಲಿಲ್ಲ, ಪ್ರಯಾಣವೇ ಇನ್ನೂ ಶುರುವಾಗಿಲ್ಲ ಎಂದು ನನಗೆ ನಾನೇ ತೀರ್ಪು ಕೊಟ್ಟುಕೊಂಡು ಹತ್ತಿ ಹೊರಟೆ.

ಕನಕಪುರ ರಸ್ತೆಯಲ್ಲಿ ಹಬ್ಬದ ಜನ. ಕಬ್ಬು, ಅವರೆಕಾಯಿ, ಹೂವು. ಸಾರಕ್ಕಿ ಸಿಗ್ನಲ್ಲಿನಲ್ಲಿ ಗಾಡಿಗಳು ಅಲುಗಾಡುತ್ತಿರಲಿಲ್ಲ. ಬಿಸಿಲು ಏರಿತ್ತು. ಬಾನೆಟ್ಟಿನಿಂದ ಬೆಳ್ಳಗೆ ಆವಿ ಎದ್ದಿತು. ಚಳಿಗೆ ಗಾಡಿ ಬಾಯಿಂದ ಉಸಿರು ಬಿಡುತ್ತಿದೆ, ಪಾಪ, ಎಂದುಕೊಂಡೆ. ಆಮೇಲೆ ಬುಸ್ ಎಂದಿತು. ಆಮೇಲೆ ಪೂರ್ತಿ ನಿಂತಿತು. ಹಿಂದಿನ ಬಸ್ಸಿನವನು ಹಾರ್ನ್ ಮೇಲಿಂದ ಕೈ ತೆಗೆಯಲಿಲ್ಲ.

ಟ್ರಾಫಿಕ್ ಪೊಲೀಸಪ್ಪ ಓಡಿಬಂದ. ಮೊದಲು ಜೀಪು ನೋಡಿದ, ಆಮೇಲೆ ಮಂಕಿ ಕ್ಯಾಪಿನ ನನ್ನನ್ನು.

“ಯಜಮಾನ್ರೇ, ಇಬ್ರೂ ಕುದೀತಾ ಇದ್ದೀರಲ್ಲ. ಆ ರೇಡಿಯೇಟರ್ ಮುಚ್ಚಳ ಮಾತ್ರ ಮುಟ್ಬೇಡಿ, ಬಿಸಿನೀರು ಮುಖಕ್ಕೆ ಹಾರತ್ತೆ.”

ಮೂರ್ನಾಲ್ಕು ಜನ ಸೇರಿ ಜೀಪನ್ನು ಪಕ್ಕಕ್ಕೆ ತಳ್ಳಿದರು. ನನ್ನ ಕಣ್ಣ ಮುಂದೆ ಗುಜರಿ ಅಂಗಡಿ ಬಂತು. ಆ ಜೀಪು ಹೋದರೆ ಅದರ ಕೆಳಗೆ ಗ್ರೀಸ್ ಮೆತ್ತಿಕೊಂಡು ಮಲಗಿದ್ದ ಆ ಪುಟ್ಟ ಹುಡುಗಿಯೂ ಅದರ ಜೊತೆ ಹೋದ ಹಾಗೆ. ಮುಖ ಸಣ್ಣದಾಯಿತು. ಚೈತ್ರಳಿಗೆ ಫೋನ್ ಮಾಡಿ, ಸಾರಕ್ಕಿಯಲ್ಲಿ ಸ್ವಲ್ಪ ವಿಶ್ರಾಂತಿ ತೆಗೆದುಕೊಳ್ಳುತ್ತಿದ್ದೇನೆ ಎಂದಷ್ಟೇ ಹೇಳಿದೆ. ಅವಳು ಬನಶಂಕರಿಯಲ್ಲಿ ಮೆಟ್ರೋ ಹತ್ತಿ, ಮುಂದಿನ ಸ್ಟೇಷನ್ನಿನಲ್ಲಿ ಇಳಿದು, ಬೆನ್ನಿಗೆ ಬ್ಯಾಗು ಹಾಕಿಕೊಂಡು ನಡೆದೇ ಬಂದಳು. ಅರ್ಧ ತೋಳಿನ ಅಂಗಿ. ನಾನು ಕರೆತರಲು ಹೊರಟವಳು ನನ್ನನ್ನು ಕರೆದೊಯ್ಯಲು ಬಂದಿದ್ದಳು. ಆದರೂ ಅವಳನ್ನು ಕಂಡ ಮೇಲೆ ನನಗೆ ಯಾವುದೂ ನೆನಪಿರಲಿಲ್ಲ. ಪೊಲೀಸಪ್ಪನ ಕೈ ಹಿಡಿದು, ನನ್ನ ಮೊಮ್ಮಗಳು, ಲಡಾಖ್, ಆಫೀಸರು ಎಂದೆ. ಅವನು ಅವಳಿಗೆ ಸೆಲ್ಯೂಟ್ ಹೊಡೆದ.

ಚೈತ್ರ ಜೀಪಿನ ಮುಂದೆ ಕೂತು ಒಂದೊಂದೇ ಬಿಚ್ಚಿದಳು. ಉಣ್ಣೆಯ ಬಟ್ಟೆ, ಗೋಣಿಚೀಲ, ರಟ್ಟು.

“ತಾತ, ಇದು ಅಜ್ಜಿ ಶಾಲಲ್ವಾ? ನಾನ್ ಕಳ್ಸಿದ್ದು.”

“ಗಾಡಿಗೆ ಚಳಿ ಆಗ್ಬಾರ್ದು ಅಂತ. ನೀನೇ ಹೇಳಿದ್ಯಲ್ಲ ಪುಟ್ಟಿ.”

“ಅದು ಮೈನಸ್ ಮೂವತ್ತಕ್ಕೆ ತಾತ. ಇಲ್ಲಿ ಐಸ್‌ಕ್ಯಾಂಡಿ ಮಾರ್ತಾವ್ರೆ ನೋಡು.”

ನಿಜ. ಪಕ್ಕದಲ್ಲೇ ಮಾರುತ್ತಿದ್ದರು. ಎಂಜಿನ್ ತಣ್ಣಗಾಗುವವರೆಗೆ ನನಗೂ ಒಂದು ಕೊಡಿಸಿದಳು. ನಾನು ಬೆವರು ಸುರಿಸುತ್ತ, ಸ್ವೆಟರ್, ಕೋಟು ಹಾಕಿಕೊಂಡೇ ಚೀಪಿದೆ. ಪೊಲೀಸಪ್ಪ ನೀರು ತರಿಸಿಕೊಟ್ಟ. ಅವಳು ಸ್ಟೇರಿಂಗ್ ಹಿಡಿದಳು, ಒಂದೇ ಸಲಕ್ಕೆ ಸ್ಟಾರ್ಟ್ ಆಯಿತು. ಆ ಜೀಪಿಗೂ ಆಫೀಸರೆಂದರೆ ಭಯ.

ಮನೆ ಮುಂದೆ ನಾಗರಾಜ ಕಾಯುತ್ತಿದ್ದ. ಸುದ್ದಿ ನಮಗಿಂತ ಮೊದಲೇ ಬಂದಿತ್ತು.

“ನಿಂತೋಯ್ತಂತಲ್ಲ?” ಎಂದ.

ನಾನು ತಲೆ ತಗ್ಗಿಸಿದೆ. ಚೈತ್ರ ಕೀ ಬೀಸುತ್ತ ಇಳಿದಳು.

“ಗಾಡಿ ನಿಂತಿಲ್ಲ ಅಪ್ಪ, ತಾತ ನಿಲ್ಸಿದ್ದು. ಇಷ್ಟೆಲ್ಲಾ ಹಿಂಸೆ ಕೊಟ್ರೂ ಮನೆಗ್ ಬಂದಿದೆ. ನಮ್ ವರ್ಕ್‌ಶಾಪಲ್ಲೂ ಇಂಥದ್ದು ಪಾಸೇ. ಗಾಡಿ ಇರತ್ತೆ. ಕೀ ಮಾತ್ರ ತಾತನ ಹತ್ರ ಇರಲ್ಲ.”

ಹೀಗೆ ಜೀಪು ಉಳಿಯಿತು. ಕೀ ಈಗ ಜಯಮ್ಮನ ಸೆರಗಿನ ಗಂಟಿನಲ್ಲಿದೆ. ಎಣ್ಣೆ ಜಿಡ್ಡಾದ ಶಾಲು ಎಂಥ ಸೋಪಿಗೂ ಬಗ್ಗಿಲ್ಲ, ಅವಳೂ ಅಷ್ಟೇ.

ಆ ಸಂಜೆ ಎಳ್ಳುಬೆಲ್ಲ ಹಂಚಲು ಎಲ್ಲರೂ ಹೊರಟರು. ಲಡಾಖ್‌ನಿಂದ ಬಂದವಳು ಗಟ್ಟಿಮುಟ್ಟಾಗಿದ್ದಳು. ತಣ್ಣೀರಲ್ಲಿ ಮಿಂದ ಜಯಮ್ಮ ಗಟ್ಟಿಮುಟ್ಟಾಗಿದ್ದಳು. ಜೀಪೂ ಗಟ್ಟಿಮುಟ್ಟಾಗಿತ್ತು. ಇಡೀ ಜರಗನಹಳ್ಳಿಯಲ್ಲಿ ಚಳಿ ತಾಗಿ ಜ್ವರ ಬಂದು, ಒದ್ದೆ ರಜಾಯಿ ಒಣಗುವುದನ್ನೇ ಕಾಯುತ್ತ ಮಲಗಿದ್ದವನು ನಾನೊಬ್ಬನೇ. ಚೈತ್ರ ಬಳಿ ಬಂದು, ಬಗ್ಗಿ, ಆಫೀಸರ ಗತ್ತಿನಲ್ಲಿ ನನ್ನ ಮೂಗನ್ನು ಪರೀಕ್ಷಿಸಿದಳು.

“ಬೆಳ್ಳಗಾಗಿಲ್ಲ ತಾತ, ಹೆದರ್ಬೇಡ” ಎಂದಳು. “ಸೋರ್ತಾ ಇದೆ ಅಷ್ಟೇ.”