ಆಸ್ಪತ್ರೆ ಪಾರ್ಕಿಂಗಿನಲ್ಲಿ ಬೀಳ್ಕೊಡುಗೆ ಪಂದ್ಯ

ಕ್ರಿಕೆಟ್ ಆಡಿ ಬೆಳೆದವರನ್ನು ಬೇಸ್‌ಬಾಲ್ ತಂಡದ ಕೆಲಸಕ್ಕೆ ಹಾಕಿದರೆ ಎಡವಟ್ಟುಗಳು ತಪ್ಪಿದ್ದಲ್ಲ. ಕೊರೊನಾ ಕಾಲದಲ್ಲಿ ನಮ್ಮ ಕಂಪನಿ ನನ್ನನ್ನು ಒಸಾಕಾ ಹತ್ತಿರದ ಒಂದು ತಂಡಕ್ಕೆ, ಚೆಂಡಿನ ವೇಗ ಅಳೆಯುವ ಸಾಫ್ಟ್‌ವೇರ್ ನೋಡಿಕೊಳ್ಳಲು ಕಳಿಸಿತ್ತು. ಅಲ್ಲಿ ಪಿಚರ್‌ಗಳಿಗೆ, ಅಂದರೆ ಚೆಂಡು ಎಸೆಯುವವರಿಗೆ, ಒಬ್ಬ ಕೋಚ್ ಇದ್ದರು. ಒಂದು ಕಾಲಕ್ಕೆ ತಾವೇ ದೊಡ್ಡ ಪಿಚರ್. ಅವರ ಹೆಂಡತಿ ಕ್ಯಾನ್ಸರ್ ಆಗಿ ಆಸ್ಪತ್ರೆಯಲ್ಲಿದ್ದರು. ಸೋಂಕಿನ ಭಯಕ್ಕೆ ಗಂಡನನ್ನೂ ಒಳಗೆ ಬಿಡುತ್ತಿರಲಿಲ್ಲ.

ಮೊದಲ ದಿನ

ಆಟಗಾರನೊಬ್ಬ ಚೆಂಡು ಎಸೆದದ್ದೇ ತಡ, "ಸುಮಿಮಾಸೆನ್, ಕ್ಷಮಿಸಿ, ಮೊಣಕೈ ಬಗ್ಗುತ್ತಿದೆ, ಇದು ನೋಬಾಲ್" ಎಂದುಬಿಟ್ಟೆ.

ಕೋಚ್ ಗಂಭೀರವಾಗಿ ಕೇಳಿದರು: "ನಿಮ್ಮ ದೇಶದಲ್ಲಿ ಮೊಣಕೈ ಬಗ್ಗಿಸೋದೇ ತಪ್ಪಾ? ಹಾಗಾದ್ರೆ ಊಟ ಹೇಗೆ ಮಾಡ್ತೀರಿ?"

ಮಾಸ್ಕಿನ ಮೇಲೊಂದು ಕೈ

ಆಟದ ನಡುವೆ ಕೋಚ್ ಮೈದಾನಕ್ಕಿಳಿದು ಪಿಚರ್ ಜೊತೆ ಮಾತಾಡುವಾಗ, ಎದುರಾಳಿಗಳು ತುಟಿ ಓದದಂತೆ ಬಾಯಿಗೆ ಕೈ ಅಡ್ಡ ಹಿಡಿಯುವುದು ರೂಢಿ. ಇವರು ಮಾಸ್ಕ್ ಹಾಕಿದ ಮೇಲೂ ಹಿಡಿಯುತ್ತಿದ್ದರು. ಒಮ್ಮೆ ಆ ಪಿಚರ್‌ನನ್ನು, "ಅಷ್ಟು ಗುಟ್ಟಾಗಿ ಏನು ಹೇಳಿದರು?" ಎಂದು ಕೇಳಿದೆ.

"ಅನ್ನಕ್ಕೆ ನೀರು ಎಷ್ಟು ಇಡಬೇಕು ಅಂತ ಕೇಳಿದ್ರು."

ಇಷ್ಟು ವರ್ಷ ಅನ್ನ ಮಾಡುತ್ತಿದ್ದವರು ಹೆಂಡತಿ. ನಾನು ಮೆಲ್ಲಗೆ ಕೇಳಿದೆ: "ನೀನೇನು ಹೇಳಿದೆ?"

"ನಮ್ಮಮ್ಮನ್ನ ಕೇಳಿ ಮುಂದಿನ ಇನಿಂಗ್ಸ್‌ನಲ್ಲಿ ಹೇಳ್ತೀನಿ ಅಂದೆ."

ಬೀಳ್ಕೊಡುಗೆ

ನಿವೃತ್ತನಾಗುವ ಪಿಚರ್ ಅಲ್ಲಿ ಕೊನೆಯದಾಗಿ ಒಬ್ಬ ಬ್ಯಾಟರ್‌ಗೆ ಎಸೆಯುತ್ತಾನೆ. ಬ್ಯಾಟರ್ ಗೌರವಕ್ಕಾಗಿ, ಚೆಂಡು ತಗುಲದಂತೆ ಬ್ಯಾಟ್ ಬೀಸುತ್ತಾನೆ. ಭುಜ ಕೈಕೊಟ್ಟು ಆಟ ಬಿಟ್ಟ ನಮ್ಮ ಕೋಚ್‌ಗೆ ಆ ಭಾಗ್ಯ ಸಿಕ್ಕಿರಲಿಲ್ಲ. "ಅದೊಂದನ್ನು ನೋಡಬೇಕಿತ್ತು" ಎಂದು ಹೆಂಡತಿ ಫೋನಿನಲ್ಲಿ ಹೇಳಿದರಂತೆ. ಹೆಚ್ಚು ದಿನ ಇಲ್ಲವೆಂದು ಡಾಕ್ಟರು ಹೇಳಿಯಾಗಿತ್ತು.

ಆಸ್ಪತ್ರೆಯವರನ್ನು ಒಪ್ಪಿಸಿ, ಆಕೆಯ ಕಿಟಕಿಯ ಕೆಳಗಿನ ಪಾರ್ಕಿಂಗಿಗೆ ಹೋದೆವು. ರಬ್ಬರ್ ಚೆಂಡು, ನನ್ನ ಕೈಯಲ್ಲಿ ಬ್ಯಾಟ್. ಕೋಚ್ ಟೋಪಿ ತೆಗೆದು, ಕಿಟಕಿಗೆ ಬಾಗಿ ನಮಸ್ಕರಿಸಿ ಎಸೆದರು. ನಾನು ಸುಮ್ಮನೆ ಗಾಳಿಗೆ ಬೀಸಬೇಕಿತ್ತು. ಹಾಳು ಅಭ್ಯಾಸ, ಎಡಗಾಲು ಮುಂದಿಟ್ಟು ನೀಟಾಗಿ ಡಿಫೆನ್ಸ್ ಆಡಿಬಿಟ್ಟೆ!

ಸ್ಪೀಕರ್ ಫೋನಿನಲ್ಲಿ ಆಕೆ ಕೆಮ್ಮುತ್ತಲೇ ನಕ್ಕರು. "ಬ್ಯಾಟಿಗೆ ತಗುಲಿತಲ್ಲ! ಇದು ಲೆಕ್ಕಕ್ಕಿಲ್ಲ. ನಿವೃತ್ತಿ ಆಗಿಲ್ಲ. ನಾಳೆ ಬನ್ನಿ."

ಮರುದಿನ ಬೇಕೆಂದೇ ಚೆಂಡು ತಡೆದೆ. ಅದರ ಮರುದಿನವೂ. ಆಕೆ ಪ್ರತಿದಿನ ನಗುತ್ತಿದ್ದರು, ಪ್ರತಿದಿನ "ನಾಳೆ ಬನ್ನಿ" ಎನ್ನುತ್ತಿದ್ದರು. ಹೀಗೆ ಒಂಬತ್ತು ದಿನ.

ಹತ್ತನೇ ದಿನ ಬೆಳಗಿನ ಜಾವ ಆಕೆ ತೀರಿಕೊಂಡರು. ಆದರೂ ಕೋಚ್ ಬಂದರು. "ಬರ್ತೀನಿ ಅಂತ ಹೇಳಿದ್ದೆ" ಎಂದು, ಪರದೆ ಮುಚ್ಚಿದ ಕಿಟಕಿಗೆ ನಮಸ್ಕರಿಸಿ ಎಸೆದರು. ಕಣ್ಣು ತುಂಬಿ ನನಗೆ ಚೆಂಡೇ ಕಾಣಲಿಲ್ಲ. ಬೀಸಿದೆ, ತಗುಲಲಿಲ್ಲ.

ಕೋಚ್ ಚೆಂಡು ಎತ್ತಿಕೊಂಡು ಬಂದು, ಮಾಸ್ಕಿನಲ್ಲೇ ಕಣ್ಣೊರೆಸಿಕೊಂಡು ನನ್ನ ಬೆನ್ನು ತಟ್ಟಿದರು.

"ಅಂತೂ ಹತ್ತು ದಿನಕ್ಕೆ ಬೇಸ್‌ಬಾಲ್ ಕಲಿತಿರಿ!"