ಸರ್ಟಿಫಿಕೇಟು ಮತ್ತು ಕಿರುಗಾವಲಿನ ದೊಡ್ಡಪ್ಪ

ನಮ್ಮ ಸೀಮೆಯಲ್ಲಿ ತಾನು ಒಳ್ಳೆಯವನು ಎಂದು ತಾನೇ ಹೇಳಿಕೊಂಡವನನ್ನು ಯಾರೂ ನಂಬುವುದಿಲ್ಲ. ಹಾಲಿಗೆ ನೀರು ಬೆರೆಸಿಲ್ಲ ಎಂದು ಹಾಲಿನವಳೇ ಬಾಯಿಬಿಟ್ಟು ಹೇಳಿದರೆ ಅವತ್ತಿನಿಂದ ಅನುಮಾನ ಶುರು. ಆ ಮಾತನ್ನು ಎದುರುಮನೆಯಾಕೆ ಹೇಳಬೇಕು. ಎದುರುಮನೆಯಾಕೆ ಸುಳ್ಳು ಹೇಳುವವಳಲ್ಲ ಎಂದು ಅವಳ ಓರಗಿತ್ತಿ ಹೇಳಬೇಕು. ಓರಗಿತ್ತಿಯ ಬಾಯಿಂದ ಒಳ್ಳೆಯ ಮಾತು ಬರುವುದು ಅಪರೂಪವಾದ್ದರಿಂದ ಅದಕ್ಕೆ ತೂಕ ಹೆಚ್ಚು. ಇದು ನಮ್ಮೂರಿನ ಚಾಳಿ ಎಂದು ನಾನು ಬಹಳ ಕಾಲ ಗೊಣಗುತ್ತಿದ್ದೆ. ಇಡೀ ಪ್ರಪಂಚದ ಕಂಪ್ಯೂಟರುಗಳು ಒಂದನ್ನೊಂದು ನಂಬುವುದೂ ಹೀಗೆಯೇ ಎನ್ನುವುದು ನನಗೆ ಗೊತ್ತಿರಲಿಲ್ಲವೆಂದಲ್ಲ. ಗೊತ್ತಿತ್ತು. ಅದನ್ನೇ ಮದ್ದೂರಿನ ಕಾಲೇಜೊಂದರಲ್ಲಿ ಪಾಠ ಹೇಳಿ ಸಂಬಳ ತೆಗೆದುಕೊಳ್ಳುತ್ತೇನೆ. ಆದರೆ ಪಾಠ ಹೇಳುವುದಕ್ಕೂ ತಿಳಿಯುವುದಕ್ಕೂ ಮಂಡ್ಯ-ಮದ್ದೂರಿನ ನಡುವೆ ಇರುವಷ್ಟಾದರೂ ದೂರವಿದೆ, ಮತ್ತು ಆ ದೂರಕ್ಕೆ ರೈಲೂ ಇಲ್ಲ.

ಮಂಡ್ಯದಲ್ಲಿ ನನ್ನ ಸೋದರಮಾವ ಪುಟ್ಟಸ್ವಾಮಿ ವಧೂವರರ ಕೇಂದ್ರ ನಡೆಸುತ್ತಾರೆ. ಕೇಂದ್ರ ಎಂದರೆ ಅವರ ಮನೆಯ ಮುಂದಿನ ಕೋಣೆ, ಎರಡು ಬೆಂಚು, ಒಂದು ಫ್ಯಾನು. ಹಿಂದೆ ಫೋಟೋಗಳನ್ನೆಲ್ಲ ತಗಡಿನ ಪೆಟ್ಟಿಗೆಯಲ್ಲಿ ಇಟ್ಟಿದ್ದರು. ಒಂದು ಮಳೆಗಾಲ ಸೂರು ಸೋರಿ, ಗಂಡುಗಳ ಫೋಟೋಗಳೂ ಹೆಣ್ಣುಗಳ ಫೋಟೋಗಳೂ ಮಾವನ ಅಪ್ಪಣೆಯಿಲ್ಲದೆ, ಜಾತಕ ನೋಡದೆ, ಒಂದಕ್ಕೊಂದು ಅಂಟಿಕೊಂಡುಬಿಟ್ಟವು. ಆಮೇಲೆ ನಾನೇ ಮುಂದೆ ಬಿದ್ದು ಒಂದು ವೆಬ್‌ಸೈಟು ಕಟ್ಟಿಕೊಟ್ಟೆ. ಅದಕ್ಕೆ ಸರ್ಟಿಫಿಕೇಟನ್ನೂ ಹಾಕಿಸಿದೆ. ಈ ಸೈಟು ಪುಟ್ಟಸ್ವಾಮಿಯವರದ್ದೇ, ಇಲ್ಲಿ ನೀವು ಬರೆದದ್ದನ್ನು ದಾರಿಯಲ್ಲಿ ಯಾರೂ ಇಣುಕಿ ನೋಡುವುದಿಲ್ಲ ಎಂದು ಮೂರನೆಯವರೊಬ್ಬರು ಕೊಡುವ ಪ್ರಮಾಣಪತ್ರ ಅದು. ನಾವೇ ಬರೆದುಕೊಂಡರೆ ನಡೆಯುವುದಿಲ್ಲ. ಹುಡುಗ ಬಂಗಾರ ಎಂದು ಹುಡುಗನ ತಾಯಿಯೇ ಹೇಳಿದ ಹಾಗಾಗುತ್ತದೆ. ಅದಕ್ಕೆ ವಾಯಿದೆಯೂ ಇರುತ್ತದೆ, ಮುಗಿಯುವ ಮೊದಲು ನವೀಕರಿಸಬೇಕು. "ಅದು ತಾನಾಗೇ ನವೀಕರಣವಾಗುತ್ತೆ ಮಾವ, ನೀವು ತಲೆ ಕೆಡಿಸ್ಕೋಬೇಡಿ" ಎಂದು ಕಾಲಮೇಲೆ ಕಾಲು ಹಾಕಿಕೊಂಡು ಹೇಳಿದ್ದೆ. ದಸರಾ ರಜೆಯಲ್ಲಿ ಸೈಟನ್ನು ಬೇರೊಂದು ಸರ್ವರಿಗೆ ಸಾಗಿಸಿದಾಗ, ಆ ತಾನಾಗೇ ಆಗುವ ಏರ್ಪಾಡನ್ನು ಹಳೆಯ ಸರ್ವರಿನಲ್ಲೇ ಬಿಟ್ಟು ಬಂದಿದ್ದೆ. ಮನೆ ಬದಲಾಯಿಸುವಾಗ ಸಾಮಾನೆಲ್ಲ ಹೇರಿ ಬೆಕ್ಕನ್ನು ಮರೆತುಬಂದ ಹಾಗೆ.

ಇನ್ನೊಂದು ವಿಷಯವನ್ನು ಇಲ್ಲೇ ಹೇಳಿಬಿಡುವುದು ವಾಸಿ. ವಾಯಿದೆ ಮುಗಿಯುತ್ತಿದೆ ಎಂದು ನನಗೆ ಇ-ಮೇಲ್ ಬಂದಿತ್ತು. ಒಂದಲ್ಲ, ಮೇಲಿಂದ ಮೇಲೆ. "ನಿಮ್ಮ ಸರ್ಟಿಫಿಕೇಟಿನ ಅವಧಿ ಮುಗಿಯಲಿದೆ, ಕೂಡಲೇ ಕ್ರಮ ಕೈಗೊಳ್ಳಿ." ಕೂಡಲೇ ಎನ್ನುವವರೆಲ್ಲ ಕಳ್ಳರು ಎನ್ನುವುದು ನನ್ನ ಸಿದ್ಧಾಂತ. ಹಾಗಾಗಿ ಅದನ್ನು ತರಗತಿಯ ಪರದೆಯ ಮೇಲೆ ದೊಡ್ಡದಾಗಿ ಹಾಕಿ, ಮೋಸದ ಮೇಲ್ ಹೇಗಿರುತ್ತದೆ ಎನ್ನುವುದಕ್ಕೆ ಉದಾಹರಣೆಯಾಗಿ ತೋರಿಸಿದೆ. "ಮೇಡಂ, ಇದ್ರಲ್ಲಿ ನಿಮ್ಮ ಮಾವನ ಸೈಟಿನ ಹೆಸರೇ ಇದ್ಯಲ್ಲ" ಎಂದಳು ಮುಂದಿನ ಬೆಂಚಿನ ಹುಡುಗಿ. "ನೋಡಿದ್ರಾ, ಕಳ್ಳರು ಎಷ್ಟು ಚೆನ್ನಾಗಿ ತಯಾರಾಗಿ ಬರ್ತಾರೆ!" ಎಂದೆ. ಎಲ್ಲರೂ ಬರೆದುಕೊಂಡರು.

ಈಗ ನಾಗೇಂದ್ರನ ವಿಷಯ. ಮಂಡ್ಯದ ಪಕ್ಕದ ಹಳ್ಳಿ ಹೊಳಲಿನ ರೈತ. ನಾಲೆ ನೀರಿನ ಗದ್ದೆ, ಕಬ್ಬು, ನಾಲ್ಕು ಹಸು, ಕೈಕಾಲು ಗಟ್ಟಿ, ಬಾಯಿ ಮೆದು. ಇಷ್ಟೆಲ್ಲ ಇದ್ದೂ ಮೂವತ್ತು ದಾಟಿ ಎಷ್ಟೋ ದಿನವಾಗಿದ್ದರೂ ಹೆಣ್ಣು ಸಿಕ್ಕಿರಲಿಲ್ಲ. ನಮ್ಮ ಕಡೆ ಈಗ ಹೊಲ ಗದ್ದೆ ಇದೆ ಎಂದರೆ ಹೆಣ್ಣಿನವರು ಕಾಫಿ ಲೋಟ ಕೆಳಗಿಟ್ಟು ಎದ್ದುಬಿಡುತ್ತಾರೆ. ಬೆಂಗಳೂರಲ್ಲಿ ಬಾಡಿಗೆ ಕೋಣೆ ಇದೆ ಎಂದರೆ ಇನ್ನೊಂದು ಲೋಟ ಕೇಳುತ್ತಾರೆ. ನಾಗೇಂದ್ರ ಸಂತೆಗೆ ಬಂದಾಗಲೆಲ್ಲ ಮಾವನ ಕೋಣೆಯಲ್ಲಿ ಒಂದು ಗಳಿಗೆ ಕೂತು, "ಏನಾರ ಆಯ್ತಾ ಅಣ್ಣ?" ಎಂದು ಕೇಳಿ, ಇಲ್ಲವೆಂದರೆ "ಆಯ್ತು ಬುಡಣ್ಣ" ಎಂದು ತಂದ ಎಳನೀರು ಇಟ್ಟು ಹೋಗುತ್ತಿದ್ದ. ಆ "ಆಯ್ತು ಬುಡಣ್ಣ" ಕೇಳಿದಾಗ ನಾನು ತಲೆ ತಗ್ಗಿಸಿ ಎಳನೀರು ಕುಡಿಯುತ್ತಿದ್ದೆ. ಸೈಟಿನಲ್ಲಿ ನಿನ್ನ ಬಗ್ಗೆ ಏನು ಬರೆಯಲಿ ಎಂದು ಕೇಳಿದ್ದಕ್ಕೆ ಅವನು ಹೇಳಿದ್ದು ಎರಡೇ ಮಾತು: ಬೇಸಾಯ ಬಿಡುವುದಿಲ್ಲ, ಅಡುಗೆ ಬರುತ್ತದೆ. ಮೊದಲನೆಯದನ್ನು ತೆಗೆಯೋಣ ಎಂದರು ಮಾವ. ಅವನು ಒಪ್ಪಲಿಲ್ಲ.

ಆ ಎರಡು ಮಾತು ಓದಿ ಕಿರುಗಾವಲಿನ ಸವಿತಾ ಫೋನು ಮಾಡಿದಳು. ದಿನಾ ಬಸ್ಸಿನಲ್ಲಿ ಮಳವಳ್ಳಿಗೆ ಹೋಗಿ ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವ ಹುಡುಗಿ. "ಇಷ್ಟು ಕಮ್ಮಿ ಸುಳ್ಳಿರೋ ಜಾಹೀರಾತು ನಾನು ನೋಡೇ ಇಲ್ಲ" ಎಂದಳಂತೆ. ಮಾವ ಕುಣಿದಾಡಿದರು. ಆದರೆ ಹುಡುಗಿಯ ಮನೆಯಲ್ಲಿ ತೀರ್ಮಾನ ಅವಳ ದೊಡ್ಡಪ್ಪ ಬೋರೇಗೌಡರದ್ದು. ಅವರು ಮೊದಲು ಸೈಟು ನೋಡಬೇಕು, ಒಪ್ಪಿದರೆ ಬರುವ ಭಾನುವಾರ ಹೊಳಲಿಗೆ ಬರಬೇಕು. ಅದು ತಪ್ಪಿದರೆ ಆಷಾಢ. ಆಷಾಢದಲ್ಲಿ ಹೆಣ್ಣಿನ ಮಾತು ಎತ್ತುವ ಹಾಗಿಲ್ಲ. ಅಷ್ಟರಲ್ಲಿ ಬೆಂಗಳೂರಿನ ಬಾಡಿಗೆ ಕೋಣೆಯ ಗಂಡು ಯಾವುದಾದರೂ ಒಳಗೆ ನುಗ್ಗುವುದು ಗ್ಯಾರಂಟಿ. ಸವಿತಾ ಲಿಂಕು ಕಳಿಸಿದಳು. ದೊಡ್ಡಪ್ಪ ಕನ್ನಡಕ ಹಾಕಿಕೊಂಡು ಇಡೀ ಮನೆಯವರ ಎದುರು ಅದನ್ನು ಒತ್ತಿದರು. ಸರ್ಟಿಫಿಕೇಟಿನ ವಾಯಿದೆ ಹಿಂದಿನ ದಿನವಷ್ಟೇ ಮುಗಿದಿತ್ತು. ಅವರ ಫೋನು ಕೆಂಪಗಾಗಿ, ಕಳ್ಳರು ನಿಮ್ಮ ಮಾಹಿತಿ ಕದಿಯಲು ಯತ್ನಿಸುತ್ತಿರಬಹುದು ಎಂದು ಅಚ್ಚಗನ್ನಡದಲ್ಲಿ ಎಚ್ಚರಿಸಿತು. ಅವರು ಅದನ್ನು ಗಟ್ಟಿಯಾಗಿ ಓದಿದರು.

"ಏನ್ ಪುಟ್ಟಸಾಮಿ, ಉಡ್ಗನ ಪೋಟ ನೋಡಮಾ ಅಂತ ಒತ್ತುದ್ರೆ ಕಳ್ರು ಅವ್ರೆ ಅಂತ ಪೋನೇ ಯೋಳ್ತದಲ್ಲಪ್ಪ! ಎಂತಾ ಮನೆ ಸಂಬಂದ ತಂದಿದ್ದೀಯ?" ಎಂದು ಅವರು ಮಾವನ ಮೇಲೆ ಎಗರಿದರು. ಮಾವ ನನ್ನ ಮೇಲೆ ಎಗರಿದರು: "ಏನಮ್ಮಿ, ಅದೆಂತದ ಕಟ್ಕೊಟ್ಟಿದ್ದೀಯ? ಕಿರುಗಾವ್ಲೋರು ಉಗೀತಾವ್ರೆ!" ನನಗೆ ಎಗರಲು ಕೆಳಗೆ ಯಾರೂ ಇರಲಿಲ್ಲ. ಪಾಠದ ನಡುವೆ ಹೊರಗೆ ಬಂದವಳು, ಬರೀ ತಾರೀಖಿನ ತಕರಾರು, ಅಲ್ಲೇ ಕೆಳಗೆ 'ಮುಂದುವರಿಯಿರಿ, ಅಸುರಕ್ಷಿತ' ಎಂದು ಸಣ್ಣಕ್ಷರದಲ್ಲಿ ಬರುತ್ತದೆ, ಅದನ್ನು ಒತ್ತಲು ಹೇಳಿ ಎಂದೆ. ಮಾವ ಇನ್ನೊಂದು ಫೋನಿನಲ್ಲಿ ಹಾಗೆಯೇ ಹೇಳಿದರು. ಅತ್ತ ಕಡೆಯಿಂದ ಬಂದ ಉತ್ತರ ನನಗೂ ಕೇಳಿಸಿತು: "ಅಸುರಕ್ಸಿತ ಅಂತ ಅವ್ರೇ ಬರ್ದವ್ರೆ, ಆದ್ರೂ ಒತ್ತು ಅಂತೀಯಲ್ಲ. ನಮ್ ಮಗೀನೂ ಇಂಗೇ ಕಣ್ಮುಚ್ಕಂಡು ಕೊಟ್ಬುಡ್ಬೇಕಾ?"

ಊಟದ ಬಿಡುವಿನಲ್ಲಿ ಲ್ಯಾಬಿನಲ್ಲಿ ಕೂತು ಹೊಸ ಸರ್ಟಿಫಿಕೇಟು ತರಿಸಿದೆ. ಸೈಟು ನಮ್ಮದೇ ಎನ್ನುವುದಕ್ಕೆ ಗುರುತು ಕೇಳಿದರು, ತೋರಿಸಿದೆ, ಕೊಟ್ಟರು, ಹಾಕಿದೆ. ಲ್ಯಾಬಿನ ಕಂಪ್ಯೂಟರಿನಲ್ಲಿ ನಾಗೇಂದ್ರ ಹಸುವಿನ ಪಕ್ಕ ನಿಂತು ನಕ್ಕ. ನಾನೂ ನಕ್ಕು, ಮಾವನಿಗೆ "ಇನ್ನೊಂದ್ಸಲ ಒತ್ತೋಕೆ ಹೇಳಿ" ಎಂದೆ. ಒತ್ತಿದರು. ಮತ್ತೆ ಕೆಂಪು. "ಎಲ್ಡ್ ಸತಿ ಯೋಳ್ತು ಪೋನು. ಇನ್ ಬುಟ್ಬುಡಿ" ಎಂದು ದೊಡ್ಡಪ್ಪ ಫೋನು ಇಟ್ಟರಂತೆ. ಸಾಯಂಕಾಲದ ರೈಲಿನಲ್ಲಿ ನನ್ನ ಮೊಬೈಲಿನಲ್ಲಿ ತೆಗೆದು ನೋಡಿದರೆ ಅಲ್ಲೂ ಕೆಂಪು. ನಿಜ ಹೇಳುತ್ತೇನೆ, ಅಳು ಬಂತು. ನನ್ನ ಮಾನದ ಪ್ರಶ್ನೆಯಾಗಿದ್ದರೆ ತಡೆದುಕೊಳ್ಳುತ್ತಿದ್ದೆ, ಅದು ಆಗಾಗ ಹೋಗಿ ಬಂದು ಮಾಡುತ್ತಿರುತ್ತದೆ. ಆದರೆ ನಾಳೆ ನಾಗೇಂದ್ರ ಬಂದು "ಆಯ್ತು ಬುಡಣ್ಣ" ಎಂದರೆ ಯಾವ ಮುಖ ಇಟ್ಟುಕೊಂಡು ಎಳನೀರು ಕುಡಿಯುವುದು?

ಮನೆಗೆ ಬಂದು ಆ ಕೆಂಪು ಪುಟದ ಸಣ್ಣಕ್ಷರಗಳನ್ನು ಮೊದಲ ಬಾರಿಗೆ ಪೂರ್ತಿ ಓದಿದೆ. ನಮಗೆ ಸರ್ಟಿಫಿಕೇಟು ಕೊಟ್ಟವರು ಯಾರೆಂದು ಗೊತ್ತಿಲ್ಲ ಎನ್ನುತ್ತಿತ್ತು ಫೋನು. ಆಗ ಹೊಳೆಯಿತು. ಪ್ರಮಾಣಪತ್ರ ಕೊಡುವ ದೊಡ್ಡವರು ನಮ್ಮಂಥ ಪುಡಿ ಸೈಟುಗಳಿಗೆ ನೇರವಾಗಿ ಸಹಿ ಹಾಕುವುದಿಲ್ಲ. ಅವರು ನಡುವೆ ಒಬ್ಬರನ್ನು ನಂಬುತ್ತಾರೆ, ಆ ನಡುವಿನವರು ನಮ್ಮನ್ನು. ಸೈಟು ತನ್ನ ಪತ್ರದ ಜೊತೆ ಆ ನಡುವಿನವರ ಪತ್ರವನ್ನೂ ತೋರಿಸಬೇಕು. ನಾನು ಅದನ್ನು ಹಾಕಿರಲಿಲ್ಲ. ಲ್ಯಾಬಿನ ಕಂಪ್ಯೂಟರು ತಾನೇ ವಿಚಾರಿಸಿ ತಿಳಿದುಕೊಂಡಿತ್ತು. ಮೊಬೈಲು ಅಷ್ಟು ಶ್ರಮ ತೆಗೆದುಕೊಳ್ಳಲಿಲ್ಲ. ಈ ಪಾಠವನ್ನು ನಾನು ಪ್ರತಿ ವರ್ಷ ಬೋರ್ಡಿನ ಮೇಲೆ ಮೂರು ಡಬ್ಬಿ ಬರೆದು, ನಡುವಿನದಕ್ಕೆ ಬಣ್ಣದ ಸೀಮೆಸುಣ್ಣ ಬಳಸಿ ಹೇಳುತ್ತೇನೆ. ನಡುವಿನ ಪತ್ರ ಹಾಕಿ, ಧೈರ್ಯ ತಂದುಕೊಂಡು ಬೋರೇಗೌಡರಿಗೆ ನಾನೇ ಫೋನು ಮಾಡಿದೆ. ಕಂಪ್ಯೂಟರಿನ ಮಾತು ಒಂದೂ ಆಡಲಿಲ್ಲ; ಮೇಲೆ ಒಬ್ಬರು ದೊಡ್ಡವರು, ಕೆಳಗೆ ನಾವು, ಇಬ್ಬರನ್ನೂ ಬಲ್ಲವರು ನಡುವೆ ಒಬ್ಬರು ಎಂದೆ.

"ಅಂಗನ್ನವ್ವ ಮತ್ತೆ! ಮದ್ಯಸ್ತನ್ನ ಕರ್ಕಂಡು ಬರ್ದೆ ನೀವೇ ನೆಟ್ಗೆ ಬಂದು ಬಾಗ್ಲು ತಟ್ಟುದ್ರಿ" ಎಂದರು ಅವರು. ಎಷ್ಟೋ ಬ್ಯಾಚಿನ ಮಕ್ಕಳಿಗೆ ಅರ್ಥವಾಗದ್ದು ಅವರಿಗೆ ಅರ್ಥವಾಗಿದ್ದು ಕಂಡು ನನಗೆ ಹುರುಪು ಬಂತು. ಆದರೆ ಅವರು ಬಿಡುವ ಆಸಾಮಿಯಲ್ಲ.

"ಮದ್ಯಸ್ತನ್ನ ಬಲ್ಲೋರು ಯಾರು?"

"ಮೇಲಿನ ದೊಡ್ಡವರು."

"ಆ ದೊಡ್ಡೋರ್ನ ಬಲ್ಲೋರು?"

"ಅವರಿಗೆ ಅವರೇ ಬರ್ಕೊಂಡಿರ್ತಾರೆ. ಅವರನ್ನ ನಂಬಬಹುದು ಅಂತ ನಿಮ್ಮ ಫೋನು ಮಾಡಿದವರೇ ಒಳಗೆ ಬರೆದಿಟ್ಟಿರ್ತಾರೆ."

"ನನ್ನೊಂದ್ ಮಾತ್ ಕೇಳ್ದೇಯಾ?"

ಅವರೇ ಮರುಕ ತೋರಿ, "ಓಗ್ಲಿ ಬುಡು, ಎಲ್ಲೋ ಒಂದ್ ಕಡೆ ನಂಬ್ಲೇಬೇಕಲ್ಲ" ಎಂದು ಒತ್ತಿದರು. ಈ ಸಲ ತೆರೆಯಿತು. ಒಂದೊಂದೇ ಅಕ್ಷರ ಓದುವುದು ಕೇಳಿಸಿತು. ಬೇಸಾಯ ಬಿಡುವುದಿಲ್ಲ ಎನ್ನುವಲ್ಲಿ "ಊಂ" ಎಂದರು. ಅಡುಗೆ ಬರುತ್ತದೆ ಎನ್ನುವಲ್ಲಿ ನಿಂತರು. "ಇದುಕ್ಕೆ ಯಾರವ್ವ ಸರ್ಟಿಪಿಕೇಟ್ ಕೊಟ್ಟೋರು?" ಯಾರೂ ಇಲ್ಲ, ಅವನೇ ಹೇಳಿಕೊಂಡಿದ್ದಾನೆ ಎಂದೆ. "ಅಂಗಾರೆ ನಾನೇ ಬಂದು ಕೊಡ್ತೀನಿ."

ಭಾನುವಾರ ಬಂದರು. ಸವಿತಾ, ಅವಳ ಅಪ್ಪ ಅಮ್ಮ, ದೊಡ್ಡಪ್ಪ. ನಾನೂ ಮಾವನೂ ಮೊದಲೇ ಹೊಳಲು ಸೇರಿದ್ದೆವು. ದೊಡ್ಡಪ್ಪ ಕಾಫಿ ಬೇಡವೆಂದು, ನಾಗೇಂದ್ರನ ತಾಯಿಯನ್ನು ಜಗಲಿಗೆ ಕರೆಸಿ ಕೂರಿಸಿ, ಅಡುಗೆಮನೆಯ ಬಾಗಿಲಲ್ಲಿ ಕುರ್ಚಿ ಹಾಕಿಸಿಕೊಂಡು ಕೂತರು. ನಾಗೇಂದ್ರ ಇಸ್ತ್ರಿ ಮಾಡಿದ ಅಂಗಿಯ ತೋಳು ಮಡಿಸಿ, ಸೊಪ್ಪು ಬಸಿದು ಬಸ್ಸಾರಿಗಿಟ್ಟ, ಮುದ್ದೆ ತಿರುವಿದ. ಹೆಣ್ಣಿನ ಕೈಲಿ ಹಾಡಿಸಿ, ನಡೆಸಿ ನೋಡುತ್ತಿದ್ದ ಕಾಲವನ್ನು ಕಂಡಿದ್ದ ನನಗೆ, ಗಂಡು ಬೆವರುತ್ತಾ ಕೋಲು ತಿರುಗಿಸುವುದನ್ನು ಹೆಣ್ಣು ಕಂಬಕ್ಕೆ ಒರಗಿ ನೋಡುತ್ತಿದ್ದದ್ದು ಕಂಡು ಆದ ಖುಷಿ ಅಷ್ಟಿಷ್ಟಲ್ಲ. ದೊಡ್ಡಪ್ಪ ಮುದ್ದೆ ಮುರಿದು, ಗಂಟಿದೆಯೇ ಎಂದು ಬೆರಳಲ್ಲಿ ಅಮುಕಿ ನೋಡಿ, ಸಾರಿಗೆ ಅದ್ದಿ ನುಂಗಿದರು. ಎರಡನೆಯ ಮುದ್ದೆ ಕೇಳಿದರು. ಮಾವ ನನ್ನ ಕೈ ಹಿಂಡಿದ ನೋವು ಸೋಮವಾರದವರೆಗೂ ಇತ್ತು. "ಏನವ್ವ ಸವಿತಾ?" ಎಂದರು ದೊಡ್ಡಪ್ಪ. "ನಾನು ಆವತ್ತೇ ಹೇಳಿದ್ನಲ್ಲ ದೊಡ್ಡಪ್ಪ, ನೀವು ಫೋನು ನಂಬಿದಷ್ಟು ನನ್ನ ನಂಬ್ಲಿಲ್ಲ" ಎಂದಳು ಅವಳು. ನಾಗೇಂದ್ರ ಒಳಗೆ ಪಾತ್ರೆ ಬೀಳಿಸಿದ.

ಅಲ್ಲಿಂದ ಬಂದವಳೇ ಎಲ್ಲ ಸರಿಮಾಡಿದೆ. ನವೀಕರಣ ಈಗ ನಿಜವಾಗಿಯೂ ತಾನಾಗೇ ಆಗುತ್ತದೆ, ಆದರೂ ಆಗಿದೆಯೇ ಎಂದು ಇಣುಕಿ ನೋಡುತ್ತೇನೆ. ತರಗತಿಯಲ್ಲಿ ಆ ಇ-ಮೇಲನ್ನು ಮತ್ತೆ ಪರದೆಗೆ ಹಾಕಿ, ಮೋಸದ್ದು ಯಾವುದು, ಅಸಲಿ ಯಾವುದು, ಮೇಡಂ ಎಲ್ಲಿ ಎಡವಿದರು ಎಂದು ವಿವರಿಸಿದೆ. ಮುಂದಿನ ಬೆಂಚಿನ ಹುಡುಗಿ ತಲೆ ತಗ್ಗಿಸಿ ನಕ್ಕಳು. ನನಗೆ ಬುದ್ಧಿ ಬಂತೆಂದೇ ನಾನೂ ತಿಳಿದಿದ್ದೆ.

ಆಷಾಢ ಕಳೆದು ಶ್ರಾವಣ ಹುಟ್ಟಿತು. ಒಂದು ಸಂಜೆ ರೈಲಿನಲ್ಲಿ ಹೆಸರಿಲ್ಲದ ನಂಬರಿನಿಂದ ಒಂದು ಫೈಲು ಬಂತು: ಮದುವೆಯ ಕರೆಯೋಲೆ, ತಪ್ಪದೆ ತೆರೆಯಿರಿ. ಮದುವೆ ಕರೆಯೋಲೆ ಎಂದು ಕಳಿಸಿ ಫೋನಿಗೆ ಕನ್ನ ಹಾಕುವ ಕಳ್ಳರ ಬಗ್ಗೆ ಅದೇ ವಾರ ಪಾಠ ಮಾಡಿದ್ದೆ. ಮುಟ್ಟುವುದುಂಟೆ! ಆ ನಂಬರನ್ನು ಬಂದ್ ಮಾಡಿ, ಅದರ ಚಿತ್ರ ತೆಗೆದು, ಎಚ್ಚರ ಎಂದು ಬರೆದು ಕಾಲೇಜಿನ ಗುಂಪಿಗೂ ನೆಂಟರ ಗುಂಪಿಗೂ ಹಾಕಿದೆ. ನೆಂಟರ ಗುಂಪಿನಲ್ಲಿ ಮಾವ ಇದ್ದಾರೆ; ಅವರ ಹತ್ತಿರ ಎಲ್ಲರ ನಂಬರೂ ಇರುತ್ತದೆ. ಮಂಡ್ಯ ನಿಲ್ದಾಣದಲ್ಲಿ ಇಳಿಯುವಷ್ಟರಲ್ಲಿ ಬೋರೇಗೌಡರ ಫೋನು.

"ಏನವ್ವ, ನಮ್ ಸವಿತಾ ಮೊದ್ಲುನೇ ಪತ್ರಿಕೆ ನಿಂಗೇ ಅಂತ ಕಳ್ಸುದ್ರೆ ಕಳ್ಳಿ ಅಂತ ಊರ್ಗೆಲ್ಲಾ ಸಾರ್ಬುಟ್ಟಂತೆ?"

ನಂಬರು ಗೊತ್ತಿರಲಿಲ್ಲ, ಯಾರು ಏನು ಎತ್ತ ತಿಳಿಯದೆ ಹೇಗೆ ನಂಬುವುದು ಎಂದು ತೊದಲಿದೆ. ಅವರು ನಗಲಿಲ್ಲ. ಮರುಕವೇ ತುಂಬಿದ ದನಿಯಲ್ಲಿ ಹೇಳಿದರು:

"ಮದ್ಯಸ್ತ ಬೇಕಿತ್ತು ಅನ್ನು. ನಾನಿಲ್ವಾ? ತೆಗ್ಯವ್ವ, ತಗ್ದು ನೋಡು, ಕಳ್ರಲ್ಲ. ನಾನ್ ಯೋಳ್ತಾವ್ನಿ."

ಬೋರೇಗೌಡರೇ ಹೇಳಿದ ಮೇಲೆ ಇನ್ನೇನು, ತೆಗೆದೆ.